ಗೃಹಲಕ್ಷ್ಮಿ ರೊಕ್ಕ ಬಂದಿಲ್ಲವೇ? ಯಾವ ಬ್ಯಾಂಕಿಗೆ ಹೋಗಿದೆ ನೋಡಿ

ಗೃಹಲಕ್ಷ್ಮಿ ಹಣ ನಿಂತಿದೆ ಎಂದು ತಿಕೋಟಾ, ಬಬಲೇಶ್ವರದ ಕಡೆಯ ಹೆಣ್ಣುಮಕ್ಕಳು ವಿಜಯಪುರದ ಕಚೇರಿಗಳನ್ನು ಸುತ್ತುವುದು ನಿಂತಿಲ್ಲ. ಶಕ್ತಿ ಯೋಜನೆಯಿಂದ ಬಸ್ಸಿಗೆ ಕಾಸಿಲ್ಲ, ನಿಜ. ದಿನದ ಕೂಲಿ ಹೋಗುತ್ತದಲ್ಲ? ಬಂದವರಲ್ಲಿ ಅನೇಕರ ಅರ್ಜಿ ಸರಿಯಾಗಿಯೇ ಇರುತ್ತದೆ. ಗಂಟು ಬಿದ್ದಿರುವುದು ಬ್ಯಾಂಕಿನಲ್ಲಿ.

ಯೋಜನೆ ಗೊತ್ತಿರುವುದೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಯಾಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವ ಮಹಿಳೆಗೆ ತಿಂಗಳಿಗೆ ₹2,000. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು. ಒಣದ್ರಾಕ್ಷಿ ವ್ಯಾಪಾರಕ್ಕೆಂದು ಗಂಡ ಹಿಂದೊಮ್ಮೆ ಜಿಎಸ್‌ಟಿ ನಂಬರ್ ತೆಗೆಸಿ, ವ್ಯಾಪಾರ ಬಿಟ್ಟರೂ ನೋಂದಣಿ ರದ್ದು ಮಾಡಿಸಿಲ್ಲ ಎಂದಾದರೆ ದಾಖಲೆಯಲ್ಲಿ ಆತ ಇನ್ನೂ ವ್ಯಾಪಾರಿಯೇ.

ಮೊದಲ ಹೆಜ್ಜೆಗೆ ಖರ್ಚಿಲ್ಲ. ಓಣಿಯಲ್ಲಿ ಬೇರೆಯವರಿಗೆ ಬಂದಿದೆಯೇ ಕೇಳಿ. ಸರ್ಕಾರದಿಂದಲೇ ಕಂತು ತಡವಾಗುವುದುಂಟು. ಯಾರಿಗೂ ಬಂದಿಲ್ಲವಾದರೆ ನೀವು ಕಚೇರಿಗೆ ಹೋಗಿ ಮಾಡುವುದೇನೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ‘ಇಂದೇ ಜಮಾ’ ಸಂದೇಶಗಳನ್ನಂತೂ ನಂಬಲೇಬೇಡಿ.

ಬೇರೆಯವರಿಗೆ ಬಂದು ನಿಮಗೆ ಬಂದಿಲ್ಲವೇ? ಮೊಬೈಲಿನಲ್ಲಿ ‘ಡಿಬಿಟಿ ಕರ್ನಾಟಕ’ ಆ್ಯಪ್ ಹಾಕಿಕೊಳ್ಳಿ. ಆಧಾರ್ ನಂಬರ್ ಕೊಟ್ಟು ಒಟಿಪಿ ಹಾಕಿದರೆ ಯಾವ ತಿಂಗಳ ಹಣ ಯಾವ ಬ್ಯಾಂಕಿಗೆ ಹೋಗಿದೆ ಎಂಬುದು ಕಾಣುತ್ತದೆ. ಎಷ್ಟೋ ಸಲ ಹಣ ಹೋಗಿಯೇ ಇರುತ್ತದೆ, ನೀವು ನೋಡುತ್ತಿರುವ ಪಾಸ್‌ಬುಕ್ ಬೇರೆ.

ಇಲ್ಲಿಯೇ ಎಲ್ಲರೂ ಎಡವುವುದು. “ಆಧಾರ್ ಲಿಂಕ್ ಐತ್ರೀ, ಬ್ಯಾಂಕಿನ್ಯಾಗ ಕೇಳೇ ಬಂದೀನಿ” ಎನ್ನುತ್ತಾರೆ. ಕೌಂಟರಿನವರು ಹೇಳಿದ್ದೂ ಸುಳ್ಳಲ್ಲ, ನಿಮ್ಮ ಆಧಾರ್ ನಂಬರ್ ಅವರ ಕಂಪ್ಯೂಟರಿನಲ್ಲಿದೆ. ಆದರೆ ಸರ್ಕಾರದ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನಂಬರ್ ನೋಡಿ ಬರುತ್ತದೆ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿ ಇರುವುದು ಎನ್‌ಪಿಸಿಐ ಎಂಬ ಸಂಸ್ಥೆಯ ಬಳಿ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್, ಅದೂ ಕೊನೆಗೆ ಸೇರಿಸಿದ್ದು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಗೌಂಡಿ ಕೆಲಸಕ್ಕೆ ಗೋವಾಕ್ಕೆ ಹೋದವರು ಅಲ್ಲಿ ಖಾತೆ ತೆರೆಯುವಾಗ ಸಹಾಯಧನದ ಒಪ್ಪಿಗೆಗೂ ಹೆಬ್ಬೆಟ್ಟು ಒತ್ತಿರುತ್ತಾರೆ. ಮೊಬೈಲ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವಾಗಲೂ ಎಚ್ಚರವಿರಲಿ. 2017ರಲ್ಲಿ ಲಕ್ಷಾಂತರ ಗ್ರಾಹಕರ ಅಡುಗೆ ಅನಿಲ ಸಹಾಯಧನ ಅವರಿಗೆ ತಿಳಿಯದಂತೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ಖಾತೆಗಳಿಗೆ ಹೋಗಿ, ಆಧಾರ್ ಪ್ರಾಧಿಕಾರ ಆ ಕಂಪನಿಯ ಇ-ಕೆವೈಸಿ ಪರವಾನಗಿಯನ್ನೇ ಅಮಾನತಿನಲ್ಲಿಟ್ಟಿತ್ತು.

ಹಾಗಾಗಿ ‘ಮೈ ಆಧಾರ್’ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ ನೋಡಿ. ಆಧಾರಿನ ಕೊನೆಯ ನಾಲ್ಕು ಅಂಕಿ, ಬ್ಯಾಂಕಿನ ಹೆಸರು, ‘ಆ್ಯಕ್ಟಿವ್’ ಎಂಬ ಪದ ಕಾಣಬೇಕು. ‘ಇನ್‌ಆ್ಯಕ್ಟಿವ್’ ಎಂದಿದ್ದರೆ ಅಥವಾ ನಿಮ್ಮದಲ್ಲದ ಬ್ಯಾಂಕಿನ ಹೆಸರು ಬಂದರೆ, ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ. “ಲಿಂಕ್ ಮಾಡಿ” ಎಂದಷ್ಟೇ ಹೇಳಬೇಡಿ, “ಎನ್‌ಪಿಸಿಐ ಸೀಡಿಂಗ್ ಫಾರ್ಮ್ ಕೊಡಿ” ಎಂದು ಕೇಳಿ. ಅದರಲ್ಲಿ ಹೊಸದಾಗಿ ಸೇರಿಸುವುದಕ್ಕೊಂದು, ಬೇರೆ ಬ್ಯಾಂಕಿನಿಂದ ಇಲ್ಲಿಗೆ ವರ್ಗಾಯಿಸುವುದಕ್ಕೊಂದು ಚೌಕ ಇರುತ್ತದೆ. ಮತ್ತೊಂದು ಬ್ಯಾಂಕಿನ ಹೆಸರು ಕಂಡಿದ್ದರೆ ಎರಡನೆಯದಕ್ಕೆ ಗುರುತು ಹಾಕಿ, ಆ ಬ್ಯಾಂಕಿನ ಹೆಸರನ್ನೂ ಬರೆಯಿರಿ. ಸಿಕ್ಕಾ ಹಾಕಿದ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ. ವಾರ ಬಿಟ್ಟು ಮತ್ತೆ ಸ್ಟೇಟಸ್ ನೋಡಿ. ಹಳೆಯ ಖಾತೆಗೆ ಹೋದ ಹಣ ನಿಮ್ಮದೇ, ಆ ಬ್ಯಾಂಕಿನಿಂದ ತೆಗೆದುಕೊಳ್ಳಬಹುದು.

ಸೀಡಿಂಗ್ ಸರಿಯಿದ್ದೂ ಹಣ ಬರದಿದ್ದರೆ ಪಡಿತರ ಚೀಟಿ ನೋಡಿ. ತೀರಿಕೊಂಡ ಅತ್ತೆಯ ಹೆಸರೇ ಯಜಮಾನಿ ಎಂದು ಉಳಿದಿರುವ ಮನೆಗಳಿವೆ. ಅದನ್ನು ಆಹಾರ ಇಲಾಖೆಯಲ್ಲಿ ತಿದ್ದಿಸಿ, ಬಳಿಕ ಹೊಸ ಅರ್ಜಿ ಹಾಕಬೇಕು. ಅರ್ಜಿ ಗ್ರಾಮ ಒನ್, ಕರ್ನಾಟಕ ಒನ್, ಬಾಪೂಜಿ ಸೇವಾ ಕೇಂದ್ರಗಳಲ್ಲಿ. ಮಧ್ಯವರ್ತಿಗೆ ನೂರು ಇನ್ನೂರು ಕೊಡುವ ಅಗತ್ಯ ಇಲ್ಲ. ದೂರಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ 1902ಕ್ಕೆ ಕರೆ ಮಾಡಿ.

ಪಿಂಚಣಿ ಬಗ್ಗೆ ಚುಟುಕಾಗಿ: ಅದು ಕಂದಾಯ ಇಲಾಖೆಯದು, ಅಂಗನವಾಡಿಗೆ ಸಂಬಂಧವಿಲ್ಲ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ₹1,200, ವಿಧವಾ ವೇತನ ₹800. ಅರ್ಜಿ ನಾಡಕಚೇರಿಯಲ್ಲಿ. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಾಗಿ ವರ್ಷಗಳೇ ಆದವು. ಇದಕ್ಕಾಗಿ ವಿಜಯಪುರದ ಬಸ್ಸು ಹತ್ತಬೇಕಿಲ್ಲ.