ಟರ್ಮಿನಲ್‌ನಲ್ಲಿ ಬಣ್ಣದ ಸಂದೇಶ: ಹೊಸಬರಿಗೊಂದು ಪಾಠ

ಪ್ರೋಗ್ರಾಮಿಂಗ್ ಕಲಿಯಲು ಶುರುಮಾಡಿದವರ ಮೊದಲ ಪ್ರೋಗ್ರಾಮುಗಳು ಸಾಮಾನ್ಯವಾಗಿ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲೇ ಓಡುತ್ತವೆ. ಅಲ್ಲಿ ಮೂಡುವ ಅಕ್ಷರಗಳಿಗೆಲ್ಲ ಒಂದೇ ಬಣ್ಣ. ‘ಕೆಲಸ ಮುಗಿಯಿತು’ ಎಂಬ ಸಾಲೂ ‘ಫೈಲ್ ಸಿಗಲಿಲ್ಲ’ ಎಂಬ ಸಾಲೂ ನೋಡಲು ಒಂದೇ ಥರ. ಸಾಲುಗಳು ನೂರಾರಾದಾಗ ಅವುಗಳ ನಡುವೆ ಅಡಗಿದ ಒಂದು ತಪ್ಪನ್ನು ಹುಡುಕುವಷ್ಟರಲ್ಲಿ ಕಣ್ಣು ಸೋತುಹೋಗುತ್ತದೆ. ಆ ಒಂದು ಸಾಲು ಕೆಂಪಾಗಿದ್ದರೆ ಹುಡುಕುವ ಕೆಲಸವೇ ಉಳಿಯುವುದಿಲ್ಲ.

ಇದಕ್ಕಾಗಿ ಗ್ರಾಫಿಕ್ಸ್ ಕಲಿಯಬೇಕಿಲ್ಲ, ದೊಡ್ಡ ಲೈಬ್ರರಿಯೂ ಬೇಕಿಲ್ಲ. ಪ್ರಿಂಟ್ ಮಾಡಲು ಬಂದರೆ ಸಾಕು. ಪಾಠದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ: ಟರ್ಮಿನಲ್‌ನ ಮಟ್ಟಿಗೆ ಬಣ್ಣವೂ ಒಂದು ಪಠ್ಯ. ಅಕ್ಷರಗಳು ಹೋಗುವ ದಾರಿಯಲ್ಲೇ, ಅಕ್ಷರಗಳ ಜೊತೆಗೇ, ಅಕ್ಷರಗಳ ರೂಪದಲ್ಲೇ ಬಣ್ಣದ ಸೂಚನೆಯೂ ಹೋಗುತ್ತದೆ. ಇದು ಮನಸ್ಸಿನಲ್ಲಿ ಕೂತರೆ ಬಣ್ಣ ಹಾಕುವುದೂ ಬರುತ್ತದೆ, ಹಾಕಿದ ಬಣ್ಣ ಕೆಟ್ಟರೆ ಯಾಕೆ ಕೆಟ್ಟಿತು ಎನ್ನುವುದೂ ತಿಳಿಯುತ್ತದೆ.

ಅಕ್ಷರಗಳ ನಡುವಿನ ಸೂಚನೆ

ನಾಟಕದ ಪುಸ್ತಕದಲ್ಲಿ ಮಾತಿನ ನಡುವೆ ಕಂಸದೊಳಗೆ (ಸಿಟ್ಟಿನಿಂದ) ಎಂದು ಅಚ್ಚಾಗಿರುತ್ತದೆ. ನಟ ಅದನ್ನು ಬಾಯಿಬಿಟ್ಟು ಓದುವುದಿಲ್ಲ. ಮುಂದಿನ ಮಾತನ್ನು ಸಿಟ್ಟಿನಿಂದ ಹೇಳುತ್ತಾನೆ, ಅಷ್ಟೆ. ಬಣ್ಣದ ಸೂಚನೆಯೂ ಹೀಗೆಯೇ. ಟರ್ಮಿನಲ್ ಅದನ್ನು ಪರದೆಯ ಮೇಲೆ ತೋರಿಸದೆ, ಮುಂದೆ ಬರುವ ಅಕ್ಷರಗಳಿಗೆ ಆ ಬಣ್ಣ ಕೊಡುತ್ತದೆ.

‘ಇದು ಮಾತಲ್ಲ, ಸೂಚನೆ’ ಎಂದು ಟರ್ಮಿನಲ್‌ಗೆ ತಿಳಿಸುವುದು ಎಸ್ಕೇಪ್ ಎಂಬ ಅಕ್ಷರ. ಆಸ್ಕಿ ಪಟ್ಟಿಯಲ್ಲಿ ಅದರ ಸಂಖ್ಯೆ 27. ಕಣ್ಣಿಗೆ ಕಾಣುವ ರೂಪ ಅದಕ್ಕಿಲ್ಲ. ಕೆಂಪು ಬಣ್ಣದ ಸೂಚನೆಯಲ್ಲಿ ನಾಲ್ಕು ಭಾಗಗಳಿವೆ: ಮೊದಲು ಎಸ್ಕೇಪ್ ಅಕ್ಷರ, ನಂತರ ಚೌಕ ಕಂಸ [, ನಂತರ 31 ಎಂಬ ಸಂಖ್ಯೆ, ಕೊನೆಗೆ ಇಂಗ್ಲಿಷಿನ ಚಿಕ್ಕಕ್ಷರ ಎಂ. ನಡುವೆ ಎಲ್ಲೂ ಜಾಗ ಬಿಡುವ ಹಾಗಿಲ್ಲ. ಚೌಕ ಕಂಸವನ್ನು ತೆರೆದರೆ ಸಾಕು, ಮುಚ್ಚಬೇಕಿಲ್ಲ. ಸೂಚನೆ ಮುಗಿಯಿತು ಎಂದು ಹೇಳುವುದು ಆ ಎಂ ಅಕ್ಷರವೇ.

ಕಾಣದ ಎಸ್ಕೇಪನ್ನು ಪ್ರೋಗ್ರಾಮಿನಲ್ಲಿ ಬರೆಯುವುದು ಹೇಗೆ? ಸಿ, ಪೈಥಾನ್, ಜಾವಾ ಭಾಷೆಗಳಲ್ಲಿ ಉದ್ಧರಣ ಚಿಹ್ನೆಯೊಳಗೆ \033 ಎಂದು ಬರೆದರಾಯಿತು. 27 ಎಂಬ ಸಂಖ್ಯೆಯನ್ನು ಆಕ್ಟಲ್‌ನಲ್ಲಿ ಬರೆದರೆ 33. ಹಿಂದಿನ ಬ್ಯಾಕ್‌ಸ್ಲ್ಯಾಶ್ ‘ಇದೊಂದು ವಿಶೇಷ ಅಕ್ಷರ’ ಎಂದು ಭಾಷೆಗೆ ತಿಳಿಸುತ್ತದೆ. ಹಾಗಾಗಿ ಕೆಂಪಿನ ಸೂಚನೆ ಎಂದರೆ \033[31 ಮತ್ತು ಅದಕ್ಕೆ ಅಂಟಿಕೊಂಡ ಚಿಕ್ಕಕ್ಷರ ಎಂ. ಜಾವಾಸ್ಕ್ರಿಪ್ಟ್ ಮತ್ತು ರಸ್ಟ್ ಬಳಸುವವರು ಆಕ್ಟಲ್ ಬದಲು ಹೆಕ್ಸ್ ರೂಪವನ್ನು ಬರೆಯಬೇಕು.

ಈಗ ಒಂದು ಪ್ರಯೋಗ. ಪೈಥಾನ್‌ನ ಪ್ರಿಂಟ್ ಒಳಗೆ ಮೊದಲು ಕೆಂಪಿನ ಸೂಚನೆ, ಅದರ ಬೆನ್ನಿಗೇ ‘ಫೈಲ್ ಸಿಗಲಿಲ್ಲ’ ಎಂಬ ಮಾತು ಬರೆದು ಓಡಿಸಿ. ಸಾಲು ಕೆಂಪಾಗುತ್ತದೆ. ಮುಂದಿನ ಪ್ರಿಂಟ್‌ನಲ್ಲಿ ಯಾವ ಸೂಚನೆಯೂ ಇಲ್ಲದೆ ‘ನಮಸ್ಕಾರ’ ಎಂದು ಬರೆಯಿರಿ. ಅದೂ ಕೆಂಪು! ಪ್ರೋಗ್ರಾಮ್ ಮುಗಿದ ಮೇಲೆ ನೀವು ಟೈಪ್ ಮಾಡುವ ಕಮಾಂಡುಗಳೂ ಕೆಂಪಾಗಿಯೇ ಉಳಿಯಬಹುದು. ನಿಲ್ಲಿಸು ಎಂದು ಹೇಳುವವರೆಗೆ ಟರ್ಮಿನಲ್ ನಿಲ್ಲಿಸುವುದಿಲ್ಲ.

ನಿಲ್ಲಿಸುವ ಸೂಚನೆಯ ಸಂಖ್ಯೆ 0. ಅಂದರೆ 31 ಇದ್ದ ಜಾಗದಲ್ಲಿ 0 ಬರೆದರೆ ಬಣ್ಣ, ದಪ್ಪ, ಅಡಿಗೆರೆ ಎಲ್ಲವೂ ರದ್ದಾಗಿ ಟರ್ಮಿನಲ್ ಮೊದಲಿನ ಸ್ಥಿತಿಗೆ ಬರುತ್ತದೆ. ಬಣ್ಣ ಹಾಕಿದ ಕೈಯೇ ಬಣ್ಣ ತೆಗೆಯಬೇಕು ಎಂಬುದನ್ನು ಮೊದಲ ನಿಯಮವಾಗಿ ಇಟ್ಟುಕೊಳ್ಳಿ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಒಂದು ಪುಟ್ಟ ಫಂಕ್ಷನ್ ಬರೆದುಕೊಳ್ಳುವುದು. ಅದು ಒಂದು ಸಂಖ್ಯೆಯನ್ನೂ ಒಂದು ಮಾತನ್ನೂ ತೆಗೆದುಕೊಂಡು, ಮಾತಿನ ಹಿಂದೆ ಬಣ್ಣದ ಸೂಚನೆಯನ್ನೂ ಮುಂದೆ 0 ಸೂಚನೆಯನ್ನೂ ಸೇರಿಸಿ ಹಿಂತಿರುಗಿಸಲಿ. ಪೈಥಾನ್ 3ರಲ್ಲಿ ಆ ಫಂಕ್ಷನ್‌ಗೆ ಕನ್ನಡ ಲಿಪಿಯಲ್ಲೇ ‘ಬಣ್ಣ’ ಎಂದು ಹೆಸರಿಟ್ಟರೂ ನಡೆಯುತ್ತದೆ.

ಸಂಖ್ಯೆಗಳ ಹಿಂದಿನ ಲೆಕ್ಕ

ಬಣ್ಣದ ಸಂಖ್ಯೆಗಳನ್ನು ಉರುಹೊಡೆಯಬೇಕಿಲ್ಲ. ಮೂರು ಗೊತ್ತಿದ್ದರೆ ಉಳಿದವನ್ನು ಕೂಡಿಸಿಯೇ ಪಡೆಯಬಹುದು. ಕೆಂಪಿಗೆ 1, ಹಸಿರಿಗೆ 2, ನೀಲಿಗೆ 4. ಪರದೆಯ ಮೇಲೆ ಕೆಂಪು ಮತ್ತು ಹಸಿರು ಬೆಳಕು ಸೇರಿದರೆ ಹಳದಿ; ಹಾಗಾಗಿ ಹಳದಿ 3. ಕೆಂಪು ನೀಲಿ ಸೇರಿದ ಮಜೆಂಟಾ 5. ಹಸಿರು ನೀಲಿ ಸೇರಿದ ಸಯಾನ್ 6. ಮೂರೂ ಸೇರಿದರೆ ಬಿಳಿ, ಅದು 7. ಯಾವುದೂ ಇಲ್ಲದಿದ್ದರೆ ಕಪ್ಪು, 0. ಅಕ್ಷರದ ಬಣ್ಣಕ್ಕೆ ಇದರ ಹಿಂದೆ 3 ಬರೆಯಿರಿ: 30ರಿಂದ 37. ಅಕ್ಷರದ ಹಿನ್ನೆಲೆಗೆ 4 ಬರೆಯಿರಿ: 40ರಿಂದ 47. ಅಕ್ಷರಗಳಿಗೆ ಇನ್ನಷ್ಟು ಹೊಳೆಯುವ ಬಣ್ಣ ಬೇಕೆಂದರೆ 90ರಿಂದ 97 ಇವೆ.

ಬಣ್ಣವಲ್ಲದ ಸೂಚನೆಗಳೂ ಇದೇ ಸಾಲಿನಲ್ಲಿ ಬರುತ್ತವೆ. 1 ಎಂದರೆ ದಪ್ಪ ಅಕ್ಷರ, 4 ಎಂದರೆ ಅಡಿಗೆರೆ, 7 ಎಂದರೆ ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ಅದಲುಬದಲು. ಒಂದಕ್ಕಿಂತ ಹೆಚ್ಚು ಬೇಕಾದಾಗ ನಡುವೆ ಸೆಮಿಕೋಲನ್ ಹಾಕಿ: 1;31 ಎಂದರೆ ದಪ್ಪ ಕೆಂಪು, 1;37;41 ಎಂದರೆ ಕೆಂಪು ಹಿನ್ನೆಲೆಯ ಮೇಲೆ ದಪ್ಪ ಬಿಳಿ.

ಹೆಚ್ಚು ಬಣ್ಣಗಳು ಬೇಕಾದವರಿಗೆ ಇನ್ನೆರಡು ದಾರಿಗಳಿವೆ. 38;5; ಎಂದು ಬರೆದು ಮುಂದೆ 0ರಿಂದ 255ರೊಳಗಿನ ಒಂದು ಸಂಖ್ಯೆ ಕೊಟ್ಟರೆ 256 ಬಣ್ಣಗಳ ಪಟ್ಟಿಯಿಂದ ಒಂದು ಸಿಗುತ್ತದೆ; 208 ಕೊಟ್ಟು ನೋಡಿ, ಕಿತ್ತಳೆ ಬಣ್ಣ ಬರುತ್ತದೆ. 38;2; ಎಂದು ಬರೆದರೆ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ನೀವೇ ಬೇರೆಬೇರೆಯಾಗಿ ಹೇಳಬಹುದು. ಆದರೆ ಎಲ್ಲ ಟರ್ಮಿನಲ್‌ಗಳಿಗೂ ಇವು ಅರ್ಥವಾಗುವುದಿಲ್ಲ. ಸಂದೇಶ ತೋರಿಸಲು ಮೊದಲ ಎಂಟು ಬಣ್ಣಗಳು ಧಾರಾಳವಾಗಿ ಸಾಕು.

ಈ ಪದ್ಧತಿ ಬಂದ ಬಗೆ

ಒಂದು ಕಾಲದಲ್ಲಿ ಟರ್ಮಿನಲ್ ಎಂದರೆ ಪರದೆ, ಕೀಲಿಮಣೆ ಇದ್ದ ಒಂದು ಪ್ರತ್ಯೇಕ ಯಂತ್ರ. ದೂರದ ಕಂಪ್ಯೂಟರಿಗೆ ತಂತಿಯ ಮೂಲಕ ಅದನ್ನು ಜೋಡಿಸುತ್ತಿದ್ದರು. ಆ ತಂತಿಯಲ್ಲಿ ಹರಿಯುತ್ತಿದ್ದುದು ಅಕ್ಷರಗಳು ಮಾತ್ರ. ಆದ್ದರಿಂದ ‘ಪರದೆ ಒರೆಸು’, ‘ಕರ್ಸರ್ ಮೇಲೆ ಹೋಗಲಿ’ ಎಂಬ ಆದೇಶಗಳನ್ನೂ ಅಕ್ಷರಗಳಲ್ಲೇ ಕಳಿಸಬೇಕಾಯಿತು. ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಬಗೆಯ ಆದೇಶಗಳಿದ್ದುದರಿಂದ ಪ್ರೋಗ್ರಾಮ್ ಬರೆಯುವವರಿಗೆ ತಲೆನೋವಾಗಿತ್ತು. ಯುರೋಪಿನ ಎಕ್ಮಾ ಸಂಸ್ಥೆ 1976ರಲ್ಲಿ ಎಕ್ಮಾ-48 ಎಂಬ ಮಾನಕವನ್ನು ತಂದಿತು. ಅಮೆರಿಕದ ಆನ್ಸಿ ಸಂಸ್ಥೆಯ ಮಾನಕ 1979ರಲ್ಲಿ ಬಂತು. ನಡುವೆ 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತಂದ ವಿಟಿ100 ಎಂಬ ಟರ್ಮಿನಲ್ ಈ ಬಗೆಯ ಸೂಚನೆಗಳನ್ನು ಬಳಕೆಗೆ ತಂದು ಜನಪ್ರಿಯಗೊಳಿಸಿತು. ವಿಟಿ100ರ ಪರದೆಯಲ್ಲಿ ಬಣ್ಣವೇ ಇರಲಿಲ್ಲ ಎಂಬುದು ಸ್ವಾರಸ್ಯ. ಇಂದು ನಮ್ಮ ಲ್ಯಾಪ್‌ಟಾಪಿನಲ್ಲಿರುವ ಟರ್ಮಿನಲ್ ಒಂದು ಸಾಫ್ಟ್‌ವೇರ್ ಮಾತ್ರ. ಆದರೂ ಆ ಹಳೆಯ ಯಂತ್ರದ ಹಾಗೆಯೇ ನಡೆದುಕೊಳ್ಳುತ್ತದೆ. ಆಗ ಬಂದ ಸೂಚನೆಗಳನ್ನು ‘ಆನ್ಸಿ ಎಸ್ಕೇಪ್ ಕೋಡ್’ ಎಂದು ಈಗಲೂ ಕರೆಯುತ್ತಾರೆ.

ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಇವು ನೇರವಾಗಿ ಕೆಲಸ ಮಾಡುತ್ತವೆ. ವಿಂಡೋಸ್‌ನ ಕಮಾಂಡ್ ಕಿಟಕಿಗೆ ಈ ಸೂಚನೆಗಳು ಬಹುಕಾಲ ಅರ್ಥವಾಗುತ್ತಿರಲಿಲ್ಲ. ವಿಂಡೋಸ್ 10 ಬಂದ ಮೇಲಷ್ಟೇ ಅದಕ್ಕೆ ಬೆಂಬಲ ಸೇರಿತು. ಈಗಿನ ವಿಂಡೋಸ್ ಟರ್ಮಿನಲ್‌ನಲ್ಲಿ ತೊಂದರೆಯಿಲ್ಲ. ಹಳೆಯ ಕಿಟಕಿಯಲ್ಲೇ ಓಡಿಸಬೇಕಾದ ಪೈಥಾನ್ ಪ್ರೋಗ್ರಾಮಾದರೆ ಕಲರಾಮ ಎಂಬ ಪುಟ್ಟ ಲೈಬ್ರರಿ ನೆರವಿಗೆ ಬರುತ್ತದೆ.

ಓದುವವರು ಯಾರು?

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಪ್ರೋಗ್ರಾಮಿನ ಔಟ್‌ಪುಟ್ ಯಾವಾಗಲೂ ಪರದೆಗೇ ಹೋಗಬೇಕೆಂದಿಲ್ಲ. ಅದನ್ನು ಫೈಲಿಗೆ ಕಳಿಸಬಹುದು, ಪೈಪ್ ಮೂಲಕ ಇನ್ನೊಂದು ಪ್ರೋಗ್ರಾಮಿಗೆ ಕೊಡಬಹುದು. ಬಣ್ಣವೂ ಪಠ್ಯವೇ ಆದ್ದರಿಂದ ಸೂಚನೆಗಳೂ ಅಲ್ಲಿಗೆ ಹೋಗುತ್ತವೆ. ಆ ಫೈಲನ್ನು ಎಡಿಟರ್‌ನಲ್ಲಿ ತೆರೆದರೆ ಸಂದೇಶದ ಅಕ್ಕಪಕ್ಕದಲ್ಲಿ [31, [0 ಎಂಬ ಕಸ ಕಾಣಿಸುತ್ತದೆ. ಆ ಫೈಲನ್ನು ಓದಬೇಕಾದ ಇನ್ನೊಂದು ಪ್ರೋಗ್ರಾಮ್ ಅದನ್ನು ಮಾಹಿತಿಯೆಂದೇ ತಿಳಿದು ಕೆಡುತ್ತದೆ.

ಪರಿಹಾರ ಸುಲಭ: ಬಣ್ಣ ಹಾಕುವ ಮೊದಲು ‘ಎದುರಿಗಿರುವುದು ಟರ್ಮಿನಲ್ಲೇ?’ ಎಂದು ಕೇಳಿ. ಹೀಗೆ ಕೇಳಲು ಸಿ ಮತ್ತು ಪೈಥಾನ್‌ಗಳಲ್ಲಿ ಈಸ್-ಎ-ಟಿಟಿವೈ ಎಂಬ ಫಂಕ್ಷನ್ ಇದೆ. ಹೌದು ಎಂದರೆ ಬಣ್ಣ, ಇಲ್ಲ ಎಂದರೆ ಬರಿಯ ಪಠ್ಯ. ಲಿನಕ್ಸ್‌ನ ಗ್ರೆಪ್ ಕಮಾಂಡಿಗೆ ಬಣ್ಣದ ಆಯ್ಕೆಯಲ್ಲಿ ‘ಆಟೋ’ ಎಂದು ಕೊಟ್ಟರೆ ಅದು ಮಾಡುವುದೂ ಇದನ್ನೇ. ಒಂದು ಎಚ್ಚರ: ಪ್ರೋಗ್ರಾಮಿಗೆ ಸಾಮಾನ್ಯ ಔಟ್‌ಪುಟ್ ಬೇರೆ, ಎರರ್ ಸಂದೇಶಗಳ ಔಟ್‌ಪುಟ್ ಬೇರೆ. ಒಂದು ಫೈಲಿಗೆ ಹೋಗುತ್ತಿದ್ದು ಇನ್ನೊಂದು ಪರದೆಗೆ ಬರುತ್ತಿರಬಹುದು. ನೀವು ಬರೆಯುತ್ತಿರುವುದು ಯಾವುದಕ್ಕೋ ಅದನ್ನೇ ಪರೀಕ್ಷಿಸಿ.

ಟರ್ಮಿನಲ್ ಆಗಿದ್ದರೂ ಕೆಲವರಿಗೆ ಬಣ್ಣ ಬೇಡವಾಗಿರಬಹುದು. ಅಂಥವರಿಗಾಗಿ 2017ರಿಂದ ಒಂದು ರೂಢಿ ಬೆಳೆದಿದೆ. ನೋ ಕಲರ್ ಎಂಬ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್, ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ದೊಡ್ಡಕ್ಷರಗಳಲ್ಲಿ ಬರೆದದ್ದು, ಖಾಲಿಯಿಲ್ಲದೆ ಇದ್ದರೆ ಪ್ರೋಗ್ರಾಮ್ ಬಣ್ಣ ಬಳಸಬಾರದು. ನಿಮ್ಮ ‘ಬಣ್ಣ’ ಫಂಕ್ಷನ್ನಿನಲ್ಲಿ ಒಂದು ಸಾಲು ಸೇರಿಸಿದರೆ ಇದನ್ನೂ ಪಾಲಿಸಿದಂತಾಯಿತು.

ಉದ್ದದ ಲೆಕ್ಕ, ಒತ್ತಕ್ಷರದ ಲೆಕ್ಕ

ಬಣ್ಣದ ಪದಗಳನ್ನು ಪಟ್ಟಿಯಾಗಿ ಜೋಡಿಸುವಾಗ ಕಾಲಮ್‌ಗಳು ಸೊಟ್ಟಗಾಗುವುದುಂಟು. ಕಾರಣ ಅದೇ: ಬಣ್ಣವೂ ಪಠ್ಯ. ಕೆಂಪಿನ ಸೂಚನೆಯಲ್ಲಿ 5 ಅಕ್ಷರಗಳು, ನಿಲ್ಲಿಸುವ ಸೂಚನೆಯಲ್ಲಿ 4. ಕಣ್ಣಿಗೆ ಕಾಣದಿದ್ದರೂ ಪ್ರೋಗ್ರಾಮ್ ಈ ಒಂಬತ್ತನ್ನೂ ಎಣಿಸುತ್ತದೆ. ಆದ್ದರಿಂದ ಮೊದಲು ಪದಕ್ಕೆ ಬೇಕಾದಷ್ಟು ಜಾಗ ತುಂಬಿಸಿ, ಆಮೇಲೆ ಬಣ್ಣ ಹಾಕಿ.

ಕನ್ನಡದಲ್ಲಿ ಸಂದೇಶ ತೋರಿಸುವವರು ಇನ್ನೊಂದನ್ನು ತಿಳಿದಿರಬೇಕು. ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣ ಕೊಟ್ಟು ಕಾಮನಬಿಲ್ಲು ಮಾಡುವುದು ಕಲಿಯುವವರ ಮೆಚ್ಚಿನ ಆಟ. ಇಂಗ್ಲಿಷಿನಲ್ಲಿ ಚೆಂದ ಬರುತ್ತದೆ. ಆದರೆ ‘ತಪ್ಪು’ ಎಂಬ ಪದ ನಮಗೆ ಎರಡಕ್ಷರವಾದರೂ ಯೂನಿಕೋಡ್‌ನಲ್ಲಿ ಐದು ಬಿಡಿಭಾಗಗಳು: ತ, ಪ, ಹಲಂತ, ಪ, ಉಕಾರದ ಕೊಂಬು. ಇವುಗಳ ನಡುವೆ ಬಣ್ಣದ ಸೂಚನೆ ತೂರಿಸಿದರೆ ಒತ್ತಕ್ಷರ ಒಡೆದುಹೋಗುತ್ತದೆ. ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲು ಹಲವು ಟರ್ಮಿನಲ್‌ಗಳಿಗೆ ಮೊದಲೇ ಬರುವುದಿಲ್ಲ. ಅದರ ಮೇಲೆ ನಾವೂ ಒಡೆಯುವುದು ಬೇಡ. ಕನ್ನಡದಲ್ಲಿ ಬಣ್ಣ ಬದಲಿಸುವುದಾದರೆ ಪದದಿಂದ ಪದಕ್ಕೆ ಬದಲಿಸಿ.

ಬಣ್ಣದ ಮೇಲೇ ಭಾರ ಹಾಕಬೇಡಿ

31 ಎಂದರೆ ಕೆಂಪು ಹೌದು, ಆದರೆ ಎಂಥ ಕೆಂಪು ಎಂಬುದನ್ನು ತೀರ್ಮಾನಿಸುವುದು ಬಳಸುವವರ ಟರ್ಮಿನಲ್ಲಿನ ಥೀಮ್. ನಿಮ್ಮ ಕಪ್ಪು ಪರದೆಯಲ್ಲಿ ಹೊಳೆಯುವ ಹಳದಿ, ಬಿಳಿ ಪರದೆ ಇಟ್ಟುಕೊಂಡವರಿಗೆ ಓದಲಿಕ್ಕೇ ಆಗುವುದಿಲ್ಲ. ಕಪ್ಪಿನ ಮೇಲೆ ಗಾಢ ನೀಲಿಯೂ ಹಾಗೆಯೇ. ಎರಡೂ ಬಗೆಯ ಪರದೆಯಲ್ಲಿ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು. ಸಾಮಾನ್ಯ ಮಾತುಗಳಿಗೆ ಬಣ್ಣವೇ ಬೇಡ. ಬಳಸುವವರು ಆರಿಸಿಕೊಂಡ ಬಣ್ಣದಲ್ಲೇ ಇರಲಿ.

ಇನ್ನೂ ಮುಖ್ಯವಾದದ್ದು, ಕೆಂಪು ಹಸಿರುಗಳ ವ್ಯತ್ಯಾಸ ಗುರುತಿಸಲಾಗದ ವರ್ಣಾಂಧತೆ ಅಪರೂಪವಲ್ಲ. ಗಂಡಸರಲ್ಲಿ ಅದು ಹೆಂಗಸರಿಗಿಂತ ಹೆಚ್ಚು. ಗೆದ್ದದ್ದಕ್ಕೆ ಹಸಿರು, ಸೋತದ್ದಕ್ಕೆ ಕೆಂಪು ಚುಕ್ಕಿ ಮಾತ್ರ ತೋರಿಸಿದರೆ ಅವರಿಗೆ ಎರಡೂ ಒಂದೇ. ಆದ್ದರಿಂದ ಸಾಲಿನ ಮೊದಲಲ್ಲಿ ‘ದೋಷ’, ‘ಎಚ್ಚರಿಕೆ’, ‘ಸರಿ’ ಎಂಬ ಪದವೂ ಇರಲಿ. ಫೈಲಿನಲ್ಲಿ ಬಣ್ಣ ಕಳಚಿದಾಗಲೂ ಆ ಪದ ಉಳಿದಿರುತ್ತದೆ, ಹುಡುಕಿದರೆ ಸಿಗುತ್ತದೆ.

ಕೊನೆಯದಾಗಿ ಒಂದು ಜಾಗ್ರತೆ. ಹೊರಗಿನವರು ಕೊಟ್ಟ ಪಠ್ಯವನ್ನು ನಿಮ್ಮ ಪ್ರೋಗ್ರಾಮ್ ಹಾಗೇ ಪ್ರಿಂಟ್ ಮಾಡುತ್ತಿದ್ದರೆ ಅದರೊಳಗೆ ಎಸ್ಕೇಪ್ ಸೂಚನೆಗಳು ಅಡಗಿರಬಹುದು. ಬಣ್ಣವಷ್ಟೇ ಅಲ್ಲ, ಪರದೆ ಒರೆಸುವ, ಕರ್ಸರ್ ಸರಿಸುವ ಸೂಚನೆಗಳೂ ಇದೇ ದಾರಿಯಲ್ಲಿ ಬರುವುದರಿಂದ, ಅವು ನಿಮ್ಮ ಸಂದೇಶವನ್ನು ಅಳಿಸಿ ಸುಳ್ಳು ಸಂದೇಶ ತೋರಿಸಬಲ್ಲವು. ಅಂಥ ಪಠ್ಯದಿಂದ 27 ಸಂಖ್ಯೆಯ ಎಸ್ಕೇಪ್ ಅಕ್ಷರವನ್ನು ತೆಗೆದುಹಾಕಿ ಪ್ರಿಂಟ್ ಮಾಡಿ.

ಇಷ್ಟಾದರೆ ಮೊದಲ ಪಾಠ ಮುಗಿಯಿತು. ಈಗ ನೀವು ಹಿಂದೆ ಬರೆದ ಯಾವುದಾದರೂ ಒಂದು ಪ್ರೋಗ್ರಾಮನ್ನು ತೆರೆಯಿರಿ. ಅದರ ಸಂದೇಶಗಳು ಬಣ್ಣವಿಲ್ಲದೆಯೂ ಅರ್ಥವಾಗುತ್ತವೆಯೇ ಎಂದು ಮೊದಲು ನೋಡಿ, ಆಗದಿದ್ದರೆ ಮಾತನ್ನು ತಿದ್ದಿ. ನಂತರ ದೋಷಕ್ಕೆ 31, ಎಚ್ಚರಿಕೆಗೆ 33, ಸರಿಯಾದದ್ದಕ್ಕೆ 32 ಕೊಡಿ. ಪರದೆಯಲ್ಲೊಮ್ಮೆ ಓಡಿಸಿ, ಫೈಲಿಗೊಮ್ಮೆ ಕಳಿಸಿ. ಎರಡು ಕಡೆಯೂ ಸಂದೇಶ ಚೊಕ್ಕವಾಗಿ ಓದಲು ಬಂದರೆ ನಿಮ್ಮ ಕೆಲಸ ಸರಿಯಾಗಿದೆ.