ವರದೆಯ ದಡದಲ್ಲಿ ಗಾಳ

ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಬನವಾಸಿಯನ್ನು ಬಳಸಿ, ಹಾನಗಲ್ಲು ಸೀಮೆಯನ್ನು ಹಾಯ್ದು, ಸವಣೂರು ತಾಲ್ಲೂಕಿನ ಹೊಲಗಳ ಅಂಚಿನಲ್ಲಿ ಹರಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಮಳೆಗಾಲದಲ್ಲಿ ಈ ನದಿಯ ಕೆನ್ನೀರು ದಂಡೆ ಮೀರಿ ಪೈರನ್ನು ಮುಳುಗಿಸುವುದುಂಟು. ಬೇಸಗೆಯಲ್ಲಿ ಅದೇ ನದಿ ಸೊರಗಿ ಅಲ್ಲಲ್ಲಿ ಮಡುಗಳಾಗಿ ನಿಲ್ಲುತ್ತದೆ. ಈ ಎರಡು ಕಾಲಗಳ ನಡುವೆ, ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ, ದಡದ ಜಾಲಿಯ ನೆರಳಿನಲ್ಲಿ ಬಿದಿರಿನ ಕೋಲು ಹಿಡಿದು ಕುಳಿತವರು ಕಾಣಸಿಗುತ್ತಾರೆ. ದೂರದಿಂದ ನೋಡುವವರಿಗೆ ಅವರು ಸುಮ್ಮನೆ ಹೊತ್ತು ಕಳೆಯುವ ಸೋಮಾರಿಗಳಂತೆ ತೋರುವುದು ಸಹಜ. ಆದರೆ ಗೆಂಡೆ ಮೀನನ್ನು ಗಾಳದಿಂದ ಹಿಡಿಯುವುದು ಸೋಮಾರಿಗೆ ಒಲಿಯುವ ವಿದ್ಯೆಯಲ್ಲ.

ಇದು ಕನ್ನಡ ನಾಡಿನಲ್ಲಿ ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಹಾನಗಲ್ಲಿನ ಕದಂಬರು ಆ ಚಾಲುಕ್ಯರ ಮಾಂಡಲಿಕರಾಗಿದ್ದುದರಿಂದ ವರದೆಯ ಈ ಬಯಲೂ ಅವನ ರಾಜ್ಯಕ್ಕೆ ಸೇರಿತ್ತು. ರಾಜನೀತಿ, ವೈದ್ಯ, ಅಡಿಗೆ, ಸಂಗೀತ ಮುಂತಾದ ನೂರು ವಿಷಯಗಳನ್ನು ಹೇಳುವ ಈ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಅಧ್ಯಾಯವಿದೆ. ಸಮುದ್ರದ ಮೀನು ಯಾವುದು, ನದಿಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಏನನ್ನು ಉಣಿಸಿ ಕೊಬ್ಬಿಸಬೇಕು, ಗಾಳದ ಕೋಲು ಮತ್ತು ನೂಲು ಹೇಗಿರಬೇಕು ಎಂಬುದನ್ನು ದೊರೆ ಅಲ್ಲಿ ವಿವರಿಸಿದ್ದಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಮೇಲೆ ಒಂದು ದೀರ್ಘ ಲೇಖನ ಬರೆದು ವಿದ್ವಾಂಸರ ಗಮನವನ್ನು ಅದರತ್ತ ಸೆಳೆದರು. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ ಎಂಬಾತನು ಗಾಳದ ಮೇಲೆ ಬರೆದ ಸುಪ್ರಸಿದ್ಧ ಪುಸ್ತಕವು ಪ್ರಕಟವಾದುದು 1653ರಲ್ಲಿ. ಅದಕ್ಕೂ ಐನೂರು ವರ್ಷಗಳಿಗಿಂತ ಮೊದಲೇ ನಮ್ಮ ದೊರೆಯೊಬ್ಬನು ನೀರಿನ ಅಂಚಿನಲ್ಲಿ ಕುಳಿತು ಮೀನಿನ ನಡತೆಯನ್ನು ಗಮನಿಸಿದ್ದನೆಂಬುದು ಸಣ್ಣ ಮಾತಲ್ಲ.

ಗಾಳ ಹಿಡಿಯುವ ಮೊದಲು ಗೆಂಡೆಯ ಪರಿಚಯವಾಗಬೇಕು. ಇಂದು ನಮ್ಮ ಕೆರೆ ಮತ್ತು ನದಿಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ದೊಡ್ಡ ಗೆಂಡೆಗಳು ಸಿಗುತ್ತವೆ. ಇವು ಮೂಲತಃ ಗಂಗಾನದಿಯ ಕಡೆಯವು. ದಕ್ಷಿಣದ ಕೆರೆಗಳಿಗೆ ಅವನ್ನು ತಂದು ಬಿಟ್ಟುದು ಇಪ್ಪತ್ತನೆಯ ಶತಮಾನದಲ್ಲಿ. ಕೆರೆಯು ಕೋಡಿ ಬಿದ್ದಾಗ ಅವು ಹಳ್ಳ ಹಿಡಿದು ನದಿಗೂ ಸೇರುತ್ತವೆ. ಮೇಲ್ಮುಖವಾದ ದೊಡ್ಡ ಬಾಯಿಯುಳ್ಳ ಕಾಟ್ಲಾ ನೀರಿನ ಮೇಲುಸ್ತರದಲ್ಲಿಯೂ, ರೋಹು ನಡುವಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುತ್ತವೆ. ಒಂದೇ ಹೊಲದಲ್ಲಿ ಜೋಳ, ತೊಗರಿ ಮತ್ತು ಹೆಸರನ್ನು ಕೂಡಿ ಬಿತ್ತುವ ರೈತನಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾಗುತ್ತದೆ. ಇವುಗಳೊಡನೆ ಸಾಮಾನ್ಯ ಗೆಂಡೆ ಎಂಬ ಪರದೇಶದ ಮೀನೂ ಇದೆ. ಅದರ ಒಂದು ಬಗೆ 1939ರಲ್ಲಿ ಸಿಂಹಳದಿಂದ ನೀಲಗಿರಿಗೂ, ಇನ್ನೊಂದು ಬಗೆ 1957ರಲ್ಲಿ ಬ್ಯಾಂಕಾಕಿನಿಂದ ಕಟಕ್ಕಿಗೂ ಬಂದಿತು. ಬಾಯಿಯ ಇಕ್ಕೆಲಗಳಲ್ಲಿ ಎರಡೆರಡು ಮೀಸೆಗಳಿರುವ ಈ ಮೀನು ತಳದ ಕೆಸರನ್ನು ಹಂದಿಯಂತೆ ಕೆದಕಿ ಹುಳು ಮತ್ತು ಕಾಳನ್ನು ಹುಡುಕುತ್ತದೆ. ದಡದಿಂದ ಗಾಳ ಹಾಕುವವನಿಗೆ ಹೆಚ್ಚಾಗಿ ಸಿಗುವುದು ಇಂಥ ತಳ ಮೇಯುವ ಮೀನೇ.

ಗೆಂಡೆಯ ದವಡೆಯಲ್ಲಿ ಹಲ್ಲಿಲ್ಲ. ಅದರ ಹಲ್ಲುಗಳಿರುವುದು ಗಂಟಲಿನಲ್ಲಿ. ಆದುದರಿಂದ ಅದು ಆಹಾರವನ್ನು ಕಚ್ಚುವುದಿಲ್ಲ. ಮೆತ್ತನೆಯ ತುಟಿಯಿಂದ ಹೀರಿ, ರುಚಿ ನೋಡಿ, ಸಂಶಯ ಬಂದರೆ ಉಗುಳಿಬಿಡುತ್ತದೆ. ಹೊಸಬರು ಸೋಲುವುದು ಬಹುಮಟ್ಟಿಗೆ ಈ ಒಂದು ಸಂಗತಿಯನ್ನು ಅರಿಯದೆ.

ಸವಣೂರಿನ ಸೀಮೆಯ ಒಂದು ಹಳ್ಳಿಯ ಹುಡುಗನನ್ನು ಊಹಿಸಿಕೊಳ್ಳಬಹುದು. ಅವನು ಸಂತೆಯಿಂದ ಎಲ್ಲಕ್ಕಿಂತ ದೊಡ್ಡದಾದ ಗಾಳದ ಕೊಕ್ಕೆಯನ್ನು ತಂದಿದ್ದಾನೆ. ದೊಡ್ಡ ಕೊಕ್ಕೆಗೆ ದೊಡ್ಡ ಮೀನು ಬೀಳುವುದೆಂದು ಅವನ ಎಣಿಕೆ. ದಡಕ್ಕೆ ಓಡುತ್ತ ಬಂದವನೇ ದೊಪ್ಪನೆ ಕುಳಿತು ಗಾಳವನ್ನು ಬೀಸುತ್ತಾನೆ. ಅಲ್ಲಿಯೇ ಕುಳಿತಿದ್ದ ಅವನ ಅಜ್ಜ ತಲೆಯೆತ್ತದೆ ನುಡಿಯುತ್ತಾನೆ:

"ತಮ್ಮಾ, ಹಂಗ ಓಡಿ ಬರಬ್ಯಾಡ. ಮೀನಿಗೆ ಕಿವಿ ಕಾಣಂಗಿಲ್ಲ ಅಂತ, ಕೇಳಂಗಿಲ್ಲ ಅನಬ್ಯಾಡ."

"ನೀರಾಗ ಇದ್ದದ್ದಕ್ಕ ನನ್ನ ಕಾಲಿನ ಸಪ್ಪಳ ಹ್ಯಾಂಗ ಕೇಳತೈತಜ್ಜಾ?"

ಅಜ್ಜನ ಮಾತನ್ನು ವಿಜ್ಞಾನವು ಎತ್ತಿಹಿಡಿಯುತ್ತದೆ. ಗೆಂಡೆಯ ಕುಲದ ಮೀನುಗಳ ಹೊಟ್ಟೆಯೊಳಗೆ ಗಾಳಿಚೀಲವೊಂದಿದೆ. ಅದನ್ನು ಒಳಕಿವಿಗೆ ಜೋಡಿಸುವ ಸಣ್ಣ ಎಲುಬುಗಳ ಸರಪಣಿಯನ್ನು ಜರ್ಮನಿಯ ವೇಬರ್ ಎಂಬ ವಿದ್ವಾಂಸನು 1820ರಲ್ಲಿ ವರ್ಣಿಸಿದನು. ನೀರಿನ ಕಂಪನವು ಗಾಳಿಚೀಲವನ್ನು ಅಲುಗಿಸುತ್ತದೆ. ಎಲುಬುಗಳು ಆ ಅಲುಗನ್ನು ಕಿವಿಗೆ ಮುಟ್ಟಿಸುತ್ತವೆ. ಈ ಏರ್ಪಾಡಿನಿಂದ ಗೆಂಡೆಗಳು ಇತರ ಅನೇಕ ಮೀನುಗಳಿಗಿಂತ ಚೆನ್ನಾಗಿ ಕೇಳಬಲ್ಲವು. ದಡದ ಮಣ್ಣಿನ ಮೇಲೆ ಬಿದ್ದ ಹೆಜ್ಜೆಯ ಗುದ್ದು ನೀರಿಗಿಳಿದು ಮೀನನ್ನು ಎಚ್ಚರಿಸುತ್ತದೆ. ಮಾತನಾಡಿದರೆ ಅಷ್ಟು ಬಾಧಕವಿಲ್ಲ, ಕಾಲು ಕುಟ್ಟಿದರೆ ಕೆಲಸ ಕೆಟ್ಟಿತು.

ಸಲಕರಣೆಗೆ ಹೆಚ್ಚು ಹಣ ಬೇಕಿಲ್ಲ. ಹತ್ತು ಹನ್ನೆರಡು ಅಡಿಯ ಬಿದಿರಿನ ಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಸಣ್ಣ ಕೊಕ್ಕೆ, ಒಂದು ಸೀಸದ ಗುಂಡು, ಒಂದು ಬೆಂಡು ಇದ್ದರೆ ಆಯಿತು. ನವಿಲುಗರಿಯ ದಂಟು ಒಳ್ಳೆಯ ಬೆಂಡಾಗುತ್ತದೆ. ಸಮೀಪದ ಬಂಕಾಪುರದ ಕೋಟೆ ನವಿಲುಗಳಿಗೆ ಹೆಸರಾದುದೇನೋ ನಿಜ, ಆದರೆ ಗರಿಗಾಗಿ ಆ ಹಕ್ಕಿಗಳ ತಂಟೆಗೆ ಹೋಗಬೇಕಾಗಿಲ್ಲ. ಒಣಗಿದ ಜೋಳದ ದಂಟಿನ ತಿರುಳು ಸಾಕು. ಕೊಕ್ಕೆಗೆ ಎರೆಹುಳವನ್ನಾಗಲಿ, ಬೇಯಿಸಿ ಮೆತ್ತಗಾದ ಗೋವಿನಜೋಳದ ಕಾಳನ್ನಾಗಲಿ, ಶೇಂಗಾ ಹಿಂಡಿ ಬೆರೆಸಿ ನಾದಿದ ಹಿಟ್ಟಿನ ಉಂಡೆಯನ್ನಾಗಲಿ ಸಿಕ್ಕಿಸಬಹುದು. ಹಿಟ್ಟು ಗಟ್ಟಿಯಾದರೆ ಮೀನು ಉಗುಳುತ್ತದೆ, ಸಡಿಲವಾದರೆ ನೀರಿನಲ್ಲಿ ಕರಗಿಹೋಗುತ್ತದೆ. ಅದರ ಹದ ಕೈಗೆ ಬರಬೇಕೇ ಹೊರತು ಬಾಯಿಮಾತಿನಿಂದ ತಿಳಿಯುವಂಥದಲ್ಲ.

ಸ್ಥಳವನ್ನು ಆರಿಸುವುದರಲ್ಲಿ ಅರ್ಧ ವಿದ್ಯೆ ಅಡಗಿದೆ. ರಭಸದ ನೀರಿನಲ್ಲಿ ಗೆಂಡೆ ನಿಲ್ಲಲೊಲ್ಲದು. ನದಿ ತಿರುಗುವೆಡೆಯಲ್ಲಿ, ಬಾಗಿದ ಮರದ ಕೆಳಗೆ, ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುವಲ್ಲಿ ಅದು ಕೆಸರನ್ನು ಕೆದಕುತ್ತಿರುತ್ತದೆ. ಹುಡುಗನು ಮೊದಲು ದಾರಕ್ಕೆ ಒಂದು ಕಲ್ಲನ್ನು ಕಟ್ಟಿ ಇಳಿಬಿಟ್ಟು ಆಳವನ್ನು ಅಳೆಯಬೇಕು. ಆ ಅಳತೆಗೆ ಬೆಂಡನ್ನು ಸರಿಸಿ ಕಟ್ಟಿದರೆ ಎರೆ ತಳದ ಮೇಲೆ ಕೂಡುತ್ತದೆ. ಎರಡು ಮೂರು ದಿನ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಒಂದು ಹಿಡಿ ಹಿಂಡಿ ಎರಚಿ ಬರುವವನಿಗೆ ಮೀನು ತಾನಾಗಿಯೇ ರೂಢಿಯಾಗುತ್ತದೆ. ದಡವನ್ನೂ ನೋಡಿಕೊಳ್ಳಬೇಕು. ಪ್ರವಾಹ ಅಡಿಯಲ್ಲಿ ಕೊರೆದ ದಡ ಮೇಲೆ ಗಟ್ಟಿಯಾಗಿ ಕಂಡರೂ ಕುಸಿಯುತ್ತದೆ. ಮರಳು ತೆಗೆದ ಗುಂಡಿಗಳು ನೀರಿನೊಳಗೆ ಕಾಣುವುದಿಲ್ಲ. ಈಜು ಬಲ್ಲ ಹಿರಿಯರಿಲ್ಲದೆ ಹುಡುಗರು ನದಿಗೆ ಹೋಗಲೇಬಾರದು. ನದಿಯಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿಯ ನಿಯಮಗಳಿವೆ. ಅವನ್ನೂ ಮೊದಲೇ ಕೇಳಿ ತಿಳಿದಿರಬೇಕು.

ಇಷ್ಟಾದ ಮೇಲೆ ಕಾಯುವುದು. ಬೆಂಡು ನಡುಗುತ್ತದೆ, ನಿಲ್ಲುತ್ತದೆ, ಮತ್ತೆ ನಡುಗುತ್ತದೆ. ಹುಡುಗನ ಕೈ ತಡೆಯಲಾರದೆ ಕೋಲನ್ನು ಎಳೆಯುತ್ತದೆ. ಬರಿಯ ಕೊಕ್ಕೆ ಮೇಲೆ ಬರುತ್ತದೆ. ಮೀನು ಇನ್ನೂ ರುಚಿ ನೋಡುತ್ತಿತ್ತು. ಎರೆಯನ್ನು ನಿಜವಾಗಿ ಬಾಯಿಗೆ ಎತ್ತಿಕೊಂಡಾಗ ಅದು ಸೀಸದ ಗುಂಡಿನ ಭಾರವನ್ನೂ ಎತ್ತುವುದರಿಂದ, ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುವುದುಂಟು. ಇಲ್ಲವೆ ಒಂದು ಪಕ್ಕಕ್ಕೆ ನಿಧಾನವಾಗಿ ಜಾರುತ್ತದೆ. ಆಗ ಕೋಲನ್ನು ಮೆಲ್ಲನೆ, ಆದರೆ ತಡಮಾಡದೆ ಎತ್ತಬೇಕು. ಸಿಕ್ಕ ಮೀನನ್ನು ಕೂಡಲೆ ದಡಕ್ಕೆ ಎಸೆಯಲು ಹೋದರೆ ದಾರ ಹರಿಯುತ್ತದೆ. ಕೋಲನ್ನು ನೆಟ್ಟಗೆ ಹಿಡಿದರೆ ಬಿದಿರಿನ ಬಾಗೇ ಮೀನನ್ನು ದಣಿಸುತ್ತದೆ. ಗೆಂಡೆ ಹಿಡಿಯುವವನಿಗೆ ಅಪಾರ ತಾಳ್ಮೆ ಬೇಕೆಂದು ವಾಲ್ಟನ್ನನೂ ಬರೆದಿದ್ದಾನೆ.

ಇನ್ನು ಕಾಲದ ಮಾತು. ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ಕೆರೆಯ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮಳೆಗಾಲದ ಹೊಸ ನೀರು ನದಿಯಲ್ಲಿ ಏರಿದಾಗ ಮಾತ್ರ ಇಡುತ್ತವೆ. ಅದಕ್ಕೆಂದೇ ಹಿಂದೆ ಮರಿಗಳಿಗಾಗಿ ನದಿಗಳನ್ನೇ ನಂಬಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಮೀನಿನ ಮೆದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ಚುಚ್ಚಿ, ಕೊಳದಲ್ಲಿಯೇ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಇಂದು ಕೆರೆಗಳಿಗೆ ಬಿಡುವ ಮರಿಗಳು ದೊರೆಯುವುದು ಆ ವಿದ್ಯೆಯಿಂದ. ಆದರೆ ನದಿಯ ಹುಟ್ಟು ಮೀನುಗಳಿಗೆ ಯಾರೂ ಮದ್ದು ಚುಚ್ಚುವವರಿಲ್ಲ. ಬೇಸಗೆಯ ಮಡುವಿನಲ್ಲಿ ಉಳಿದುಕೊಂಡ ತಾಯಿಮೀನುಗಳೇ ಮುಂದಿನ ಮಳೆಗೆ ಬೀಜ.

ಆ ಮಡುವಿಗೆ ಸಿಡಿಮದ್ದು ಎಸೆಯುವವರೂ, ವಿಷ ಕಲಸುವವರೂ ಇದ್ದಾರೆ. 1897ರ ಕಾನೂನೇ ಇವೆರಡನ್ನೂ ಅಪರಾಧವೆಂದು ಸಾರಿದ್ದರೂ ಆಸೆ ಕಾನೂನಿಗಿಂತ ಚುರುಕು. ಗಾಳವು ಹಸಿದ ಒಂದು ಮೀನನ್ನು ಎತ್ತಿದರೆ, ವಿಷವು ಕೂದಲೆಳೆಯಂಥ ಮರಿಯನ್ನೂ ಬಿಡುವುದಿಲ್ಲ. ಒಂದು ಕಿಲೋಗ್ರಾಂ ತೂಗುವ ಹೆಣ್ಣು ಗೆಂಡೆಯ ಒಡಲಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಮೊಟ್ಟೆಗಳಿರಬಹುದೆಂದರೆ, ಒಂದು ಬೆಳಗಿನ ಆಸೆಗೆ ನದಿ ತೆರುವ ಬೆಲೆ ಎಷ್ಟೆಂದು ಲೆಕ್ಕ ಹಾಕಬಹುದು.

ಹುಡುಗನು ಚೈತ್ರದ ಹೊತ್ತಿಗೆ ಬೆಂಡಿನ ಭಾಷೆಯನ್ನು ಕಲಿತಿರುತ್ತಾನೆ. ಅಂಗೈಯಷ್ಟೇ ಉದ್ದದ ಮರಿ ಸಿಕ್ಕರೆ, ಅವನು ಮೊದಲು ಕೈಯನ್ನು ನೀರಿನಲ್ಲಿ ಅದ್ದುತ್ತಾನೆ. ಒಣಗೈ ತಗುಲಿದರೆ ಮೀನಿನ ಮೈಯ ಲೋಳೆ ಕಿತ್ತುಹೋಗಿ ಅದು ರೋಗಕ್ಕೆ ತುತ್ತಾಗುವುದೆಂದು ಅಜ್ಜ ಹೇಳಿಕೊಟ್ಟಿದ್ದಾನೆ. ಕೊಕ್ಕೆ ಬಿಡಿಸಿ ಮರಿಯನ್ನು ತಲೆ ಮುಂದಾಗಿ ನೀರಿನಲ್ಲಿ ಹಿಡಿದರೆ, ಅದು ಎರಡು ಸಲ ಕಿವಿರು ಆಡಿಸಿ, ಬಾಲ ಬೀಸಿ ಹೊರಟುಹೋಗುತ್ತದೆ. ಜೂನ್ ತಿಂಗಳಲ್ಲಿ ಮಲೆನಾಡಿನ ಮಳೆಯ ನೀರು ಕೆಂಪಾಗಿ ಇಳಿದು ಬಂದು ಮಡುಗಳನ್ನು ಒಂದಕ್ಕೊಂದು ಕೂಡಿಸುವ ದಿನ, ಅಜ್ಜನು ಇಬ್ಬರ ಕೋಲುಗಳನ್ನೂ ಒರೆಸಿ ಅಟ್ಟದ ಮೇಲೆ ಇಡುತ್ತಾನೆ.

"ಇನ್ನ ಯಾವಾಗ ತಗಿಯೋದಜ್ಜಾ?"

"ದೀಪಾವಳಿ ಆಗಲಿ ತಮ್ಮಾ. ಈಗ ಅವು ಮ್ಯಾಲ ಹೊಂಟಾವು."