ಇಂದಿನ ಧಮ್ಮ ಚಿಂತನೆ: ತಿದ್ದಿ ಹೇಳಿದರೆ ಕೇಳುವ ಗುಣ

 

2020ರಲ್ಲಿ ‘ಮಹಾನಾಯಕ’ ಧಾರಾವಾಹಿ ನೋಡುತ್ತಾ ಬಾಲಕ ಭೀಮನ ಮಾತಿಗೆ ಕಣ್ಣೊರೆಸಿಕೊಂಡವರು ನಮ್ಮಲ್ಲಿ ಹಲವರು. ಅದು ಹಿಂದಿಯಿಂದ ಡಬ್ ಆದದ್ದು. ನಾವು ಕೇಳಿದ್ದು ತೆರೆಯಲ್ಲಿ ಕಾಣದ ಕಂಠದಾನ ಕಲಾವಿದರ ದನಿ.

ಡಬ್ಬಿಂಗ್‌ನಲ್ಲಿ ಒಂದೇ ಸಾಲಿಗೆ ಎಷ್ಟೋ ಸಲ ಹೆಡ್‌ಫೋನಿನಲ್ಲಿ ಸೂಚನೆ ಬರುತ್ತದೆ: “ಇನ್ನೊಂದು ಟೇಕ್, ಸ್ವಲ್ಪ ಮೆತ್ತಗೆ.” ಒಳ್ಳೆಯ ಕಲಾವಿದರು ಸಮಜಾಯಿಷಿ ಕೊಡುವುದಿಲ್ಲ. ಅರ್ಥವಾಗದಿದ್ದರೆ, “ಇಲ್ಲಿ ಯಾರ ಹತ್ರ ಮಾತಾಡ್ತಿದೀನಿ ಸರ್?” ಎಂದು ಕೇಳುತ್ತಾರೆ. ಹೇಳಿದ್ದನ್ನಷ್ಟೇ ಬದಲಿಸಿ ಮತ್ತೆ ಹೇಳುತ್ತಾರೆ.

ನಮಗೆ ಇದು ಸುಲಭವಲ್ಲ. ತಲೆಮಾರುಗಳಿಂದ ಬೈಗುಳ ಕೇಳಿದ ಕಿವಿಗೆ ತಿದ್ದುವ ಮಾತೂ ಅವಮಾನದಂತೆ ಕೇಳಿಸುತ್ತದೆ. ತಿದ್ದಿ ಹೇಳಿದರೆ ಕೇಳುವ ಗುಣವನ್ನು, ‘ಸೋವಚಸ್ಸತಾ’ವನ್ನು, ಭಗವಾನ್ ಬುದ್ಧರು ಮಂಗಲ ಸುತ್ತದಲ್ಲಿ ಮಂಗಲವೆಂದರು. ಕಾಲಾಮರಿಗೆ, ಗುರು ಹೇಳಿದನೆಂಬ ಒಂದೇ ಕಾರಣಕ್ಕೆ ಒಪ್ಪಬೇಡಿ ಎಂದೂ ಹೇಳಿದರು. ಎರಡೂ ಜೊತೆಗೇ ಇರಲಿ. ಕೆಲಸವನ್ನು ತಿದ್ದಿದರೆ ಹಾಗೆ ಮಾಡಿ ನೋಡಿ, ಒಳ್ಳೆಯದಾದರೆ ಉಳಿಸಿಕೊಳ್ಳಿ. ಕೇರಿಯನ್ನು, ಹುಟ್ಟನ್ನು ಹೀಗಳೆದರೆ ಅದು ಸೂಚನೆಯೇ ಅಲ್ಲ; ಅದಕ್ಕೆ ತಲೆಬಾಗಬೇಕಿಲ್ಲ.

ಇಂದಿನ ಅಭ್ಯಾಸ: ಯಾರಾದರೂ ತಿದ್ದಿದಾಗ ಉತ್ತರಿಸುವ ಮೊದಲು ಒಂದು ಉಸಿರನ್ನು ಗಮನಿಸಿ, ನಿಮ್ಮನ್ನೇ ಕೇಳಿಕೊಳ್ಳಿ: ತಿದ್ದಿದ್ದು ಕೆಲಸವನ್ನೋ, ನನ್ನನ್ನೋ?

ಭವತು ಸಬ್ಬ ಮಂಗಲಂ.